ಮೊಮ್ಮಗಳ ಜಡೆ ಕೊಯ್ದದ್ದು

ಆಗ ನನಗೆ ಅರವತ್ತೊಂದು. ಆ ಮಾತಿಗೆ ಈಗ ಐದು ವರ್ಷ. ಮೊಮ್ಮಗಳಿಗೆ ಒಂಬತ್ತು ತುಂಬಿ ಹತ್ತು ನಡೆದಿತ್ತು.

ಅವಳ ತಾಯಿ, ಅಂದರೆ ನನ್ನ ಮಗಳು, ಸಂಡೂರು ಕಡೆ ಗಣಿ ಲಾರಿಯವರ ಕ್ಯಾಂಟೀನಿನಲ್ಲಿ ಅಡಿಗೆಗೆ ಹೋಗಿದ್ದಳು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಅಳಿಯ ಮಗುವಿಗೆ ಮಾತು ಬರುವುದಿಲ್ಲ ಎಂದು ತಿಳಿದಾಗಲೇ ತನ್ನ ದಾರಿ ಹಿಡಿದವನು. ಅವನ ಸುದ್ದಿ ಇಲ್ಲಿ ಬೇಡ. ಹೀಗಾಗಿ ಹುಡುಗಿ ನನ್ನ ಹತ್ತಿರ ಉಳಿದಳು. ನಮ್ಮದು ಬುಕ್ಕಸಾಗರ ದಾಟಿ ಕಂಪ್ಲಿ ಕಡೆ ಹೋಗುವಾಗ ಬರುವ ಸಣ್ಣ ಊರು. ಕಾಲುವೆ ನೀರಿನ ಭತ್ತದ ಸೀಮೆ. ನಾನು ನಾಟಿ ಗ್ಯಾಂಗಿನ ಮೇಸ್ತ್ರಿ. ಹೆಂಗಸರನ್ನು ಕೂಡಿಸಿಕೊಂಡು, ಗದ್ದೆ ಗುತ್ತಿಗೆ ಹಿಡಿದು, ನಾಟಿ ಮಾಡಿಕೊಡುವುದು ನನ್ನ ಕೆಲಸ.

ಹುಡುಗಿಗೆ ಮಾತು ನಾಲ್ಕಾರು. ಕೇಳಿದ್ದನ್ನೇ ತಿರುಗಿ ಅನ್ನುವಳು. ‘ಅನ್ನ ಬೇಕಾ’ ಅಂದರೆ ‘ಅನ್ನ ಬೇಕಾ’ ಅನ್ನುವಳು, ಅದೇ ಹೌದು ಎಂದು ನಾನು ತಿಳಿದುಕೊಳ್ಳಬೇಕು. ಬಾಗಿಲು ತೆರೆದರೆ ಓಟ. ಕುಕ್ಕರಿನ ಸೀಟಿ, ಟ್ರ್ಯಾಕ್ಟರಿನ ಹಾಡು, ಮೈಗೆ ತಾಗುವ ಹೊಸ ಬಟ್ಟೆ, ಯಾವುದೋ ಒಂದಕ್ಕೆ ತಲೆಕೆಟ್ಟರೆ ತನ್ನ ಮಣಿಕಟ್ಟು ತಾನೇ ಕಚ್ಚಿಕೊಳ್ಳುವಳು. ನನ್ನದು ಹತ್ತಿರವಿದ್ದರೆ ನನ್ನದನ್ನು. ತಲೆಯನ್ನಂತೂ ಯಾರೂ ಮುಟ್ಟುವಂತಿಲ್ಲ. ಬಾಚಣಿಗೆ ಕಂಡರೆ ಚೇಳು ಕಂಡ ಹಾಗೆ.

ಹೊಸಪೇಟೆಯ ಡಾಕ್ಟರಮ್ಮ ನೋಡಿ ಮೂರು ಹೆಸರು ಹೇಳಿದ್ದರು. ಆಟಿಸಂ ಎಂದು ಒಂದು, ಗಮನ ಒಂದು ಕಡೆ ನಿಲ್ಲದ್ದು ಒಂದು, ಒಳಗೊಳಗೆ ಹೆದರುವ ಕಾಯಿಲೆ ಒಂದು.

“ಹೆತ್ತ ಮಗಳಿಗೆ ನಾನು ಒಂದ ಹೆಸರು ಇಟ್ಟಿದ್ದೆರಿ, ಈಕಿಗೆ ಮೂರಾದವು” ಅಂದೆ.

ಡಾಕ್ಟರಮ್ಮ ನಕ್ಕರು. ರಾತ್ರಿ ಕೊಡುವ ಮಾತ್ರೆ ಬರೆದರು. “ಮಾತ್ರೆ ಅರ್ಧ ಕೆಲಸ ಮಾಡುತ್ತೆ ಅಜ್ಜಿ, ಉಳಿದದ್ದು ನಿಮ್ಮದು. ಏನು ಮಾಡೋದಿದ್ದರೂ ಮೊದಲು ಹೇಳಿ. ಪ್ರತಿ ಸಲ ಅದೇ ಮಾತು ಹೇಳಿ. ಹೇಳದೆ ಮುಟ್ಟಬೇಡಿ. ಹೊಸ ವಸ್ತು ಇದ್ದರೆ ದೂರದಿಂದ ತೋರಿಸಿ, ಆಮೇಲೆ ಹತ್ತಿರ ತನ್ನಿ” ಎಂದರು.

ಕೇಳುವುದಕ್ಕೆ ಸುಲಭ. ಒಲೆಯ ಮೇಲೆ ಸಾರು ಉಕ್ಕುವಾಗ ಮೊದಲು ಹೇಳಿ ಆಮೇಲೆ ಮುಟ್ಟು ಅಂದರೆ ಯಾರಿಗೆ ಆಗುತ್ತದೆ? ಆದರೂ ಕಲಿತೆ. “ನೀರು ಬರ್ತೈತಿ” ಅಂದು ನೀರು ಹಾಕುವುದು. “ಅಂಗಿ ಬರ್ತೈತಿ” ಅಂದು ಅಂಗಿ ತೊಡಿಸುವುದು. ಅವಳೂ ಹಾಗೇ ಅನ್ನುವಳು, ಕೈ ಮೇಲೆತ್ತುವಳು. ಶಾಲೆಯ ಮೇಡಂ ಮಾತ್ರ “ಸ್ವಲ್ಪ ಸುಧಾರಿಸಲಿ, ಆಮೇಲೆ ಕಳಿಸಿ” ಎಂದಿದ್ದರು. ಆಮೇಲೆ ಅಂದರೆ ಯಾವಾಗ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷ ಕಾಲುವೆಗೆ ನೀರು ತಡವಾಗಿ ಬಿಟ್ಟರು. ತಡವಾದರೆ ಎಲ್ಲ ಗದ್ದೆಗೂ ಒಮ್ಮೆಲೇ ನಾಟಿ. ಹುಡುಗಿಯನ್ನು ಮನೆಯಲ್ಲಿ ಬಿಡುವಂತಿಲ್ಲ, ಕರೆದುಕೊಂಡೇ ಹೋಗಬೇಕು. ಮೊದಲ ದಿನ ಬದುವಿನ ಜಾಲಿ ಮರಕ್ಕೆ ಹಳೆ ಸೀರೆಯ ಅಂಚಿನಿಂದ ಅವಳ ಕಾಲು ಕಟ್ಟಿದೆ. ನಮ್ಮಲ್ಲಿ ಓಡುವ ಮಕ್ಕಳನ್ನು ಹಾಗೆ ಕಟ್ಟುವುದುಂಟು. ಮಧ್ಯಾಹ್ನ ನೋಡಿದರೆ ಕಾಲ ಹರಡಿನ ಚರ್ಮ ಕಿತ್ತಿತ್ತು. ಬಿಚ್ಚಿಬಿಟ್ಟೆ. ಬಿಚ್ಚಿದವಳೇ ಓಡಿ ಹೋಗಿ ಸಸಿಮಡಿಯ ನೀರಿನಲ್ಲಿ ಕುಂತಳು. ಸೊಂಟದ ತನಕ ನೀರು. ಹೆಂಗಸರು ಸಸಿ ಕಿತ್ತು ಹಾಕಿದ್ದ ಕಟ್ಟುಗಳಲ್ಲಿ ಒಂದನ್ನು ಎತ್ತಿಕೊಂಡು ಬೇರಿನ ಕೆಸರನ್ನು ನೀರಲ್ಲಿ ಅಲುಬತೊಡಗಿದಳು. ಅದು ಮುಗಿದರೆ ಇನ್ನೊಂದು. ಕೂಗಲಿಲ್ಲ, ಓಡಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನೆ ಕುಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಂದಿನಿಂದ ಅವಳ ಜಾಗ ಅದೇ ಆಯಿತು.

ಗ್ಯಾಂಗಿನಲ್ಲಿ ನಮ್ಮ ಪಕ್ಕದ ಮನೆಯವಳು ಒಬ್ಬಳಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೊಮ್ಮಗಳು ಒಮ್ಮೆ ಅವಳ ತೋಳು ಕಚ್ಚಿದ್ದಳು. ಅದರ ಗುರುತು ತೋರಿಸುತ್ತಲೇ ತಿರುಗುವಳು.

“ಅಕ್ಕಾ, ನಿನ್ನ ಹುಚ್ಚಿ ಕೂಗಿದ್ರ ನನ್ನ ಕೈಯಾಗಿನ ಸಸಿ ಬೀಳ್ತಾವ. ಮನ್ಯಾಗ ಬಿಟ್ಟು ಬಾರಬೇ.”

“ನಿನ್ನ ಗಂಡನ್ನ ಮನ್ಯಾಗ ಬಿಟ್ಟು ಬಂದೀಯಲ್ಲ, ಅವ ಈಕಿನ್ನ ಕಾಯ್ತಾನೇನು ಕೇಳು.”

“ಅವನನ್ನ ಕಾಯಾಕ ಒಬ್ರು ಬೇಕಾಗ್ಯಾರ!”

ಹೀಗೆ ಜಗಳವೂ ನಗೆಯೂ ಕೂಡಿ ನಡೆಯುತ್ತಿತ್ತು. ಒಂದು ಕೆಲಸ ಮಾತ್ರ ಹಿಂದೆ ಬಿತ್ತು. ತಲೆ ಬಾಚಲು ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಬಾಚಲು. ಮಗಳು ಬಂದಾಗ ಇಬ್ಬರೂ ಸೇರಿ ಮಾಡುತ್ತಿದ್ದೆವು. ಆ ಸಲ ಅವಳ ಕ್ಯಾಂಟೀನಿನಲ್ಲಿ ಆಳು ಕಡಿಮೆಯಾಗಿ ಬರಲಾಗಲಿಲ್ಲ. ನಾನು ಹುಡುಗಿಯ ಕೂದಲಿನ ಮೇಲೆ ಒಂದು ಬಟ್ಟೆ ಸುತ್ತಿ ನಾಟಿಗೆ ಓಡುತ್ತಿದ್ದೆ. ಬೆವರು, ಕೆಸರು, ಬಟ್ಟೆಯ ಬಿಸಿ. ಒಂದು ದಿನ ಬಟ್ಟೆ ತಾನೇ ಕಿತ್ತೆಸೆದಳು. ಹತ್ತಿರವಿದ್ದ ಪಕ್ಕದ ಮನೆಯವಳು ಸಸಿ ಹಿಡಿದ ಕೈಯಲ್ಲೇ ನಿಂತುಬಿಟ್ಟಳು.

“ಅಕ್ಕಾ. ಅಮ್ಮ ಬಂದಾಳಲ್ಲಬೇ.”

ನೋಡಿದೆ. ಹಿಂದಲೆಯ ಕೂದಲು ಒಂದಕ್ಕೊಂದು ಅಂಟಿ ಹಗ್ಗದ ಹಾಗೆ ಗಟ್ಟಿಯಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಕೂದಲು ಹೀಗೆ ಜಡೆಗಟ್ಟಿದರೆ ಅದು ಅಮ್ಮನ ಜಡೆ, ದೇವಿ ತನ್ನವಳು ಎಂದು ಹಾಕಿದ ಗುರುತು ಎನ್ನುತ್ತಾರೆ. ಕತ್ತರಿ ತಾಗಿಸುವಂತಿಲ್ಲ. ಭಂಡಾರ, ಅಂದರೆ ಅಮ್ಮನ ಅರಿಶಿನ, ಹಚ್ಚಿ ಪೂಜೆ ಮಾಡಬೇಕು. ಹುಡುಗಿಯಾದರೆ ಮುಂದೆ ಅವಳನ್ನು ಅಮ್ಮನಿಗೇ ಬಿಡಬೇಕು. ಬಿಟ್ಟವರ ಬಾಳು ಏನು ಎಂಬುದನ್ನೂ ನಮ್ಮ ಕಡೆಯವರೇ ನೋಡಿದ್ದೇವೆ. ಮದುವೆ ಇಲ್ಲ, ಮನೆ ಇಲ್ಲ, ಕಂಡವರ ಬಾಗಿಲು. ಕಾನೂನು ಬೇಡ ಎಂದಿದೆ. ಕಾನೂನು ನಮ್ಮೂರಿಗೆ ಬಸ್ಸಿನ ಹಾಗೆ, ಬಂದರೆ ಬಂತು.

ಮರುದಿನದಿಂದ ಹುಡುಗಿಯ ನಸೀಬೇ ತಿರುಗಿತು. ಹುಚ್ಚಿ ಎಂದವರು ಅವ್ವಾ ಎಂದರು. ಒಬ್ಬಳು ಬಾಳೆಹಣ್ಣು ತಂದಳು, ಒಬ್ಬಳು ಅವಳ ಕಾಲು ಮುಟ್ಟಿ ಕೆಸರಿಗಿಳಿದಳು. ಗದ್ದೆಯ ಯಜಮಾನ ನಾಟಿಗೆ ಮುಂಚೆ ತೆಂಗಿನಕಾಯಿ ತಂದು ಅವಳ ಮುಂದೆ ಒಡೆದ. ಕಾಯಿ ಒಡೆದ ಸದ್ದಿಗೆ ಅವಳು ಕಿರುಚಿದರೆ ಅದಕ್ಕೂ ಕೈ ಮುಗಿದ. ಮೂರು ಕಾಯಿಲೆ ಇದ್ದಾಗ ಯಾರಿಗೂ ಬೇಡವಾದ ಕೂಸು, ಒಂದು ಜಡೆ ಬಂದದ್ದಕ್ಕೆ ಊರಿಗೆಲ್ಲ ಬೇಕಾಯಿತು. ನನಗೂ ಹಗುರಾಯಿತು. ಬೈಯುವವರಿಲ್ಲ, ದೂರುವವರಿಲ್ಲ, ಗ್ಯಾಂಗು ಸಲೀಸಾಗಿ ನಡೆಯಿತು. ನಾನು ಅಮ್ಮನನ್ನು ನಂಬದವಳಲ್ಲ. ಇರಬಹುದು, ಬಂದಿರಬಹುದು ಎಂದುಕೊಂಡೆ.

ಮಗಳು ಸುದ್ದಿ ಕೇಳಿ ಓಡಿ ಬಂದಳು. ಮಗಳ ತಲೆ ನೋಡಿ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು.

“ಯವ್ವಾ, ಬರೋ ಹುಣ್ಣಿಮಿಗೆ ಅಮ್ಮನ ಗುಡ್ಡಕ್ಕ ಕರಕೊಂಡು ಹೋಗಿ ಒಪ್ಪಿಸಿ ಬರೋಣ.”

“ಒಪ್ಪಿಸಿ ಬರಾಕ ಅದೇನು ಎಮ್ಮಿ ಕರು ಏನಲೇ?”

“ನಿನಗ ಅರವತ್ತಾತು. ನೀ ಹೋದ ಮ್ಯಾಲ ಈಕಿನ್ನ ಯಾರು ನೋಡ್ತಾರ? ನಾ ಕ್ಯಾಂಟೀನ್ಯಾಗ ಇಟಗೊಳ್ಳಲೇನು, ಆ ಲಾರಿಯವರ ನಡಕ? ಹುಚ್ಚಿ ಅಂತ ಕಲ್ಲು ಒಗಿಯೋರು ಈಗ ಕಾಲು ಬೀಳಾಕತ್ಯಾರ. ಅಮ್ಮನಾಕಿ ಅಂದ್ರ ಯಾರೂ ಮುಟ್ಟಂಗಿಲ್ಲ.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅವಳು ಇನ್ನೊಂದು ಮಾತು ಸೇರಿಸಿದಳು: ಅಮ್ಮ ಬಂದವರಿಗೆ ಇಂಗ್ಲಿಷ್ ಮಾತ್ರೆ ಕೊಡಬಾರದಂತೆ, ಹುಣ್ಣಿಮೆಯಿಂದ ನಿಲ್ಲಿಸಬೇಕಂತೆ. ಮಾತ್ರೆ ಇಲ್ಲದ ಕಾಲದಲ್ಲಿ ಆ ಹುಡುಗಿ ಗೋಡೆಯಿಂದ ಗೋಡೆಗೆ ಹಾರಿದ್ದನ್ನು ನೋಡಿದವಳು ನಾನು. ನೋಡೋಣ ಎಂದೆ. ಮಗಳು ರಜೆ ಹಾಕಿ ಹುಣ್ಣಿಮೆಯ ತನಕ ಉಳಿದಳು.

ಎರಡು ದಿನ ಕಳೆದಿರಬೇಕು. ನಾನು ಗದ್ದೆಯ ನಡುವೆ ಇದ್ದೆ. ಬದುವಿನ ಕಡೆಯಿಂದ ಧಪ್ ಧಪ್ ಎಂದು ಸದ್ದು ಬಂತು. ತಲೆ ಎತ್ತಿದರೆ ಹುಡುಗಿ ಜಾಲಿ ಮರಕ್ಕೆ ಹಿಂದಲೆ ಚಚ್ಚಿಕೊಳ್ಳುತ್ತಿದ್ದಾಳೆ. ಕೆಸರಿನಲ್ಲಿ ಓಡಲು ಬರುವುದಿಲ್ಲ, ಕಾಲು ಹೂಳುತ್ತದೆ. “ಹಿಡೀರಿ, ಹಿಡೀರಿ ಆಕಿನ್ನ” ಎಂದು ಕೂಗಿದೆ. ಪಕ್ಕದ ಮನೆಯವಳು ಅವಳಿಂದ ಒಂದು ಮಾರು ದೂರದಲ್ಲಿದ್ದಳು. ಕೈಯಲ್ಲಿದ್ದ ಸಸಿ ಕೆಳಗಿಟ್ಟಳು. ಹಿಡಿಯುತ್ತಾಳೆ ಅಂದುಕೊಂಡೆ. ಕೈ ಮುಗಿದು ನಿಂತಳು. ಅವಳ ಹಿಂದೆ ಉಳಿದವರೂ ಕೈ ಮುಗಿದರು.

“ಅಮ್ಮ ಆಡಾಕತ್ಯಾಳಕ್ಕಾ, ಮುಟ್ಟಬಾರದು” ಎಂದಳು.

ನಾನು ಹೋಗಿ ಮುಟ್ಟುವಷ್ಟರಲ್ಲಿ ಮರದ ತೊಗಟೆಗೆ ರಕ್ತ ಹತ್ತಿತ್ತು. ತಲೆಯನ್ನು ಎದೆಗೆ ಒತ್ತಿ ಹಿಡಿದೆ, ಕಚ್ಚಿದರೆ ಕಚ್ಚಲಿ ಎಂದು. ಆಗ ಮೂಗಿಗೆ ವಾಸನೆ ಬಂತು. ಜಡೆಯ ಬುಡದಲ್ಲಿ ಬೆರಳಿಟ್ಟರೆ ಬಿಸಿ, ಒದ್ದೆ. ಒಳಗೆ ಕೀವು ಕಟ್ಟಿತ್ತು. ಕೂಸಿಗೆ ನೋಯುತ್ತಿತ್ತು, ಅಷ್ಟೇ. ನೋಯುತ್ತದೆ ಎನ್ನಲು ಅವಳಿಗೆ ಬಾಯಿಲ್ಲ. ಬಾಯಿ ಇದ್ದವರು ಕೈ ಮುಗಿದು ನಿಂತಿದ್ದರು.

ಮರುದಿನವೇ ಹೊಸಪೇಟೆಗೆ ಹೋದೆವು. ಡಾಕ್ಟರಮ್ಮ ಕೈಗೆ ಗವಸು ಹಾಕಿ ಜಡೆ ಎತ್ತಿ ನೋಡಿ, “ಇದನ್ನ ತೆಗೆಯದೆ ಹುಣ್ಣು ವಾಸಿಯಾಗಲ್ಲ” ಎಂದರು.

“ನೀವ ತೆಗದುಬಿಡ್ರಿ” ಅಂದೆ.

ಅವರು ಹೊಸಬರಲ್ಲ, ಇಂಥದ್ದು ಕಂಡವರು. ಕತ್ತರಿ ತರಲು ಹೇಳಿದರು. ಕತ್ತರಿ ಕಂಡದ್ದೇ ಹುಡುಗಿ ಮೇಜಿನ ಕೆಳಗೆ ಸೇರಿ ಕಿರುಚತೊಡಗಿದಳು. ಹಿಡಿಯಲು ಬಂದ ನರ್ಸಮ್ಮ ನಮ್ಮ ಸೀಮೆಯವಳೇ. ಜಡೆ ನೋಡಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. “ನನಗೂ ಮಕ್ಕಳದಾವ್ರಿ ಮೇಡಂ” ಎಂದಳು. ನಾಲ್ಕು ಜನ ಹಿಡಿದು ಕೊಯ್ಯಬಹುದು, ಆದರೆ ಆಮೇಲೆ ಈ ಹುಡುಗಿ ಆಸ್ಪತ್ರೆಯ ಬಾಗಿಲನ್ನೇ ಹತ್ತುವುದಿಲ್ಲ ಎಂದರು ಡಾಕ್ಟರಮ್ಮ. ಬಳ್ಳಾರಿಗೆ ಹೋದರೆ ಮಂಪರು ಮಾಡಿ ತೆಗೆಯುತ್ತಾರೆ, ಚೀಟಿ ಕೊಡುತ್ತೇನೆ ಎಂದರು. ಕೀವಿಗೆ ಔಷಧಿ ಕೊಟ್ಟರು.

ಮಗಳು ಬಳ್ಳಾರಿಗೆ ಒಪ್ಪಲಿಲ್ಲ. “ಜೋಗಮ್ಮನ್ನ ಕೇಳೋಣ. ಆಕಿ ಬ್ಯಾಡಂದ್ರ ಬ್ಯಾಡ” ಎಂದಳು.

ಜೋಗಮ್ಮ ಮಂಗಳವಾರ ಮಂಗಳವಾರ ಅಮ್ಮನ ಬುಟ್ಟಿ ಹೊತ್ತು ನಮ್ಮ ಓಣಿಗೆ ಜೋಗ ಬೇಡಲು ಬರುವವಳು. ನನಗಿಂತ ಹತ್ತು ವರ್ಷ ಹಿರಿಯಳು. ಅವಳ ಜಡೆ ಸೊಂಟದ ಕೆಳಗೆ ಇಳಿದಿತ್ತು, ಹೊರೆಯ ಹಾಗೆ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುವಳು. ಮಂಗಳವಾರ ಕೂರಿಸಿದೆವು. ಮಗಳು ಸೆರಗು ಒಡ್ಡಿ ಎಲ್ಲ ಹೇಳಿದಳು. ಜೋಗಮ್ಮ ಹುಡುಗಿಯ ಹಿಂದೆ ಹೋಗಿ ಮುಟ್ಟದೆ ಬಗ್ಗಿ ನೋಡಿದಳು, ಮೂಸಿದಳು.

“ಯಾರ ಹೇಳ್ಯಾರ ಅಮ್ಮ ಬಂದಾಳಂತ?”

“ಊರ ಹೇಳತೈತಿ” ಅಂದಳು ಮಗಳು.

“ಊರು ನನಗೂ ಹೇಳಿತ್ತು.” ಜೋಗಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಕಾಲು ಚಾಚಿದಳು. “ನಮ್ಮವ್ವ ಸತ್ತಾಗ ನಾ ಇದರಷ್ಟ ಇದ್ದೆ. ಕಬ್ಬಿನ ಗದ್ಯಾಗ ಅಪ್ಪನ ಹಿಂದ ತಿರುಗತಿದ್ದೆ. ತೆಲಿ ಬಾಚೋರಿದ್ದಿಲ್ಲ. ಜಡಿ ಬಂತು. ಈಗ ಅಮ್ಮನೂ ಅದಾಳ ಬಿಡು, ಸುಳ್ಳಲ್ಲ, ಇಷ್ಟು ವರ್ಷ ಕೂಡಿ ಬಾಳೇವಿ. ಆದ್ರ ಮೊದಲು ಬಂದಾಕಿ ಅಮ್ಮಲ್ಲ. ಹೇನು.”

ನಾನು ನಕ್ಕುಬಿಟ್ಟೆ. ಮಗಳು ನಗಲಿಲ್ಲ.

“ಹಂಗಾರ ಕೊಯ್ಯಲೇನಬೇ?”

“ಅದನ್ನ ನನ್ನ ಕೇಳಬ್ಯಾಡ. ಕೊಯ್ಯಿ ಅಂದ್ರ ನಾಳಿ ನನಗ ಜ್ವಾಳ ಹಾಕೋರಿಲ್ಲ. ಬ್ಯಾಡ ಅಂದ್ರ ಈ ಕೂಸು ಬುಟ್ಟಿ ಹೊತ್ತು ನನ್ನ ಹಿಂದ ಬರತೈತಿ. ಇಬ್ಬರನ್ನ ಸಾಕೋವಷ್ಟು ಜೋಗ ಈ ಊರಾಗ ಹುಟ್ಟಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ಚಾ ಕೊಡ್ತೀಯೋ, ಹಂಗ ಕಳಸ್ತೀಯೋ?”

ಚಹಾ ಕುಡಿದು ಹೋದಳು. ನಾನು ಆ ಮಧ್ಯಾಹ್ನ ಕೊಯ್ಯುವುದು ಎಂದು ತೀರ್ಮಾನಿಸಿದೆ. ಅಮ್ಮ ಬಂದಿಲ್ಲ ಎಂದಲ್ಲ. ಅಮ್ಮ ಇದ್ದರೆ ಕತ್ತರಿ ಹಾಕಿದ ಮೇಲೂ ಇರುತ್ತಾಳೆ. ಕೀವು ಹಾಗಲ್ಲ.

ಬಳ್ಳಾರಿಯ ಬಗ್ಗೆಯೂ ಯೋಚಿಸಿದೆ. ಹೊಸ ಊರು, ಹೊಸ ಗೋಡೆ, ಹೊಸ ಜನ. ಅಲ್ಲಿಂದ ಬಂದ ಮೇಲೆ ತಿಂಗಳುಗಟ್ಟಲೆ ನಿದ್ದೆ ಮಾಡುವುದಿಲ್ಲ ಈ ಹುಡುಗಿ. ಅವಳು ಸುಮ್ಮನೆ ಕೂರುವ ಜಾಗ ಒಂದೇ, ಸಸಿಮಡಿಯ ನೀರು. ಅಲ್ಲೇ ಮಾಡಬೇಕು.

ಪೇಟೆಯಿಂದ ತುದಿ ಮೊಂಡಾದ ಕತ್ತರಿ ತಂದೆ. ಮೊದಲ ದಿನ ಅವಳು ನೀರಿನಲ್ಲಿ ಕುಂತಿದ್ದಾಗ ದೂರದ ಬದುವಿನ ಮೇಲೆ ನಿಂತು “ಕತ್ತರಿ ಬರ್ತೈತಿ” ಅಂದು ಸಸಿ ಕಟ್ಟಿನ ಹುರಿ ಕತ್ತರಿಸಿದೆ. ಕಿವಿ ಮುಚ್ಚಿಕೊಂಡಳು. ಅಷ್ಟಕ್ಕೇ ಬಿಟ್ಟೆ. ಮರುದಿನ ಇನ್ನೊಂದಿಷ್ಟು ಹತ್ತಿರ. ಆಮೇಲೆ ಅವಳ ಎದುರು ನೀರಿನಲ್ಲೇ ಕುಂತು ಕತ್ತರಿಸಿದೆ. ಅವಳೇ ಕಟ್ಟು ಮುಂದೆ ಹಿಡಿದು “ಕತ್ತರಿ ಬರ್ತೈತಿ” ಅಂದಳು. ನಾನು ಗೆದ್ದೆ ಎಂದುಕೊಂಡು ಅವಳ ಕೂದಲಿಗೆ ಕೈ ಹಾಕಿದೆ. ನನ್ನ ಮುಂಗೈ ಕಚ್ಚಿದಳು, ಕತ್ತರಿ ಕಿತ್ತು ಕೆಸರಿಗೆ ಎಸೆದಳು. ಅದನ್ನು ಹುಡುಕಲು ಅರ್ಧ ಹೊತ್ತು ಹೋಯಿತು. ಮಗಳು ಬದುವಿನ ಮೇಲೆ ಕುಂತು “ನೋಡಿದಿ? ಅಮ್ಮಗ ಒಪ್ಪಿಗಿ ಇಲ್ಲ” ಅಂದಳು.

“ಅಮ್ಮಗಲ್ಲಲೇ, ಈಕಿಗೆ ಒಪ್ಪಿಗಿ ಇಲ್ಲ. ನಾ ಹೇಳದ ಮುಟ್ಟಿದೆ.”

ಹುಣ್ಣಿಮೆಗೆ ಇನ್ನು ಎರಡು ದಿನ. ಮರುದಿನ ಬೆಳಿಗ್ಗೆ ನೀರಿನಲ್ಲಿ ಅವಳ ಎದುರು ಕುಂತು ನನ್ನ ತುರುಬು ಬಿಚ್ಚಿದೆ. “ಕತ್ತರಿ ಬರ್ತೈತಿ, ಅಜ್ಜಿ ಕೂದಲಿಗೆ” ಅಂದು ನನ್ನದನ್ನು ಭುಜದ ಹತ್ತಿರ ಕಚಕ್ ಎಂದು ಕೊಯ್ದೆ. ಕೊಯ್ದದ್ದನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಸಸಿಯ ಬೇರು ಅಲುಬಿದ ಹಾಗೆ ನೀರಿನಲ್ಲಿ ಅಲುಬಿದಳು. ಬಹಳ ಹೊತ್ತು ಅಲುಬಿದಳು. ಆಮೇಲೆ ಬೆನ್ನು ನನ್ನ ಕಡೆ ಮಾಡಿ ಕುಂತಳು.

“ಕತ್ತರಿ ಬರ್ತೈತಿ” ಅಂದೆ.

“ಕತ್ತರಿ ಬರ್ತೈತಿ” ಅಂದಳು.

ಜಡೆಯನ್ನು ಎಳೆಯದೆ, ಬುಡದಲ್ಲಿ ಎಣ್ಣೆ ಸುರಿದು, ನನ್ನ ಬೆರಳನ್ನು ಚರ್ಮಕ್ಕೂ ಕತ್ತರಿಗೂ ನಡುವೆ ಇಟ್ಟು, ಒಂದೊಂದೇ ಎಳೆಯಾಗಿ ಕೊಯ್ದೆ. ಗಟ್ಟಿ ಇತ್ತು, ಹಸಿ ಚರ್ಮದ ಚಪ್ಪಲಿ ಕತ್ತರಿಸಿದ ಹಾಗೆ. ಪ್ರತಿ ಸಲ ಅದೇ ಮಾತು ಹೇಳಿದೆ, ಪ್ರತಿ ಸಲ ಅವಳೂ ಅಂದಳು. ಎರಡು ಸಲ ಎದ್ದು ಓಡಿದಳು. ಓಡಲು ಬಿಟ್ಟೆ, ತಾನೇ ಬಂದು ಕುಂತಳು. ಬಿಸಿಲೇರಿದಾಗ ಜಡೆ ನನ್ನ ಕೈಗೆ ಬಂತು. ಸತ್ತ ಇಲಿಯಷ್ಟು ತೂಕ, ಅದೇ ವಾಸನೆ.

ಮಗಳು ಅಲ್ಲಿಯ ತನಕ ಬದುವಿನ ಮೇಲೆ ಬೆನ್ನು ತಿರುಗಿಸಿ ಕುಂತಿದ್ದಳು. ಎದ್ದು ಬಂದು ಜಡೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಸೆರಗಿನ ಗಂಟಿನಲ್ಲಿದ್ದ ಭಂಡಾರ ಬಿಚ್ಚಿ ಹಚ್ಚಿದಳು, ತೂಬಿನ ಹತ್ತಿರ ಹೋಗಿ ಕಾಲುವೆಗೆ ಬಿಟ್ಟಳು. “ನಿಂದಿದ್ರ ನೀ ಇಟಗೋ ತಾಯಿ, ಕೂಸು ನಂದು” ಅಂದಳು. ಆ ಮಾತು ನಾನು ಹೇಳಿಕೊಟ್ಟದ್ದಲ್ಲ.

ಸಂಜೆ ಪಕ್ಕದ ಮನೆಯವಳು ಬಾಗಿಲಿನ ಆಚೆಯೇ ನಿಂತು ಕೂಗಿದಳು. “ಅಕ್ಕಾ, ಏನು ಮಾಡಿದಿಬೇ. ಇನ್ನು ನಿನ್ನ ಗ್ಯಾಂಗಿಗೆ ನಾ ಬರಂಗಿಲ್ಲ. ಗದ್ಯಾಗ ಹಾವು ಕಚ್ಚಿದ್ರ ಯಾರು ದಿಕ್ಕು?”

“ಹಾವು ಕಚ್ಚಿದ್ರ ಹೊಸಪ್ಯಾಟಿಗೆ ಒಯ್ತೀನಿ. ನಿನ್ನ ಮುಂದ ಕೈ ಮುಗದು ನಿಂದ್ರಂಗಿಲ್ಲ” ಅಂದೆ. ಅವಳು ಹೋಗಿ ತನ್ನ ಬಾಗಿಲು ದಡ್ ಎಂದು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಎದ್ದು ಹುಡುಗಿಯ ಹುಣ್ಣಿಗೆ ಔಷಧಿ ಹಚ್ಚಿದೆ, ರೊಟ್ಟಿ ಕಟ್ಟಿಕೊಂಡೆ, ಅವಳ ಕೈ ಹಿಡಿದು ಗದ್ದೆಗೆ ನಡೆದೆ. ಒಪ್ಪಿಕೊಂಡ ಗದ್ದೆ, ಒಬ್ಬಳೇ ಆದರೂ ಇಳಿಯಬೇಕು. ನಾಲ್ಕು ಜನ ಬಂದು ಬದುವಿನ ಮೇಲೆ ನಿಂತಿದ್ದರು, ಕೆಳಗೆ ಇಳಿದಿರಲಿಲ್ಲ. ಪಕ್ಕದ ಮನೆಯವಳೂ ಇದ್ದಳು, ಕೈಯಲ್ಲಿ ಸಸಿಯ ಕಟ್ಟು ಹಿಡಿದು, ಮುಖ ಆಚೆ ಮಾಡಿಕೊಂಡು. ಹುಡುಗಿಯ ಬೋಳು ಹಿಂದಲೆ ಎಲ್ಲರಿಗೂ ಕಾಣುತ್ತಿತ್ತು. ಯಾರೂ ಕಾಲು ಮುಟ್ಟಲಿಲ್ಲ, ಬಾಳೆಹಣ್ಣು ಕೊಡಲಿಲ್ಲ. ನಾನು ಕೆಸರಿಗಿಳಿದು ಮೊದಲ ಸಾಲು ಹಿಡಿದೆ.

ಅಷ್ಟರಲ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಬಂತು. ಹುಡುಗಿ ಕಿವಿ ಮುಚ್ಚಿ ಕಾಲುವೆಯ ಕಡೆ ಓಡಿದಳು. ಕಾಲುವೆ ತುಂಬಿ ಹರಿಯುತ್ತಿತ್ತು. ನನ್ನ ಕಾಲು ಮೊಣಕಾಲಿನ ತನಕ ಕೆಸರಿನಲ್ಲಿ. ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವಳು ಸಸಿಯ ಕಟ್ಟು ಎಸೆದು ಓಡಿದ್ದಳು. ತೂಬಿನ ಹತ್ತಿರ ಹುಡುಗಿಯ ರಟ್ಟೆ ಹಿಡಿದು ಎಳೆದಳು.

“ಎಲ್ಲಿಗೆ ಸಾಯಾಕ ಹೊಂಟೀಯಲೇ ಹುಚ್ಚಿ! ನಿಮ್ಮಜ್ಜಿ ನಿನ್ನ ಹಿಂದ ಬೀಳ್ಬೇಕೇನು? ಅಯ್ಯ, ಮತ್ತ ಕಚ್ಚಿದ್ಳು ನೋಡಕ್ಕಾ!”

ಕಚ್ಚಿಸಿಕೊಂಡೂ ಬಿಡಲಿಲ್ಲ ಅವಳು.

ನಾನು ಕೆಸರಿನಿಂದ ಕಾಲು ಕಿತ್ತು ಬದು ಹತ್ತಿದೆ, ಹುಡುಗಿಯನ್ನು ಅವಳ ಕೈಯಿಂದ ಬಿಡಿಸಿಕೊಂಡೆ. “ನೀರು ಬರ್ತೈತಿ” ಅಂದು ಸಸಿಮಡಿಯ ನೀರಿನಲ್ಲಿ ಕೂರಿಸಿ ಒಂದು ಕಟ್ಟು ಕೈಗಿಟ್ಟೆ. ಆಮೇಲೆ ಗದ್ದೆಗಿಳಿದು, ನನ್ನ ಸಾಲಿನ ಮಗ್ಗುಲಲ್ಲಿ ಪಕ್ಕದ ಮನೆಯವಳಿಗೆ ಒಂದು ಸಾಲಿನ ಜಾಗ ಬಿಟ್ಟು, ನಾಟಿಗೆ ಬಗ್ಗಿದೆ.